ಬೆಕ್ಕಿನ ಸೊಪ್ಪಿನ ಮೇಡಂ

ಹೋದ ತಿಂಗಳು ಹರವೆಯ ಕಡೆಯ ಒಂದು ಶಾಲೆಯಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಇತ್ತು. ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ನಾನು ಹೋಗಿ ಕೂರುವಷ್ಟರಲ್ಲಿ ಭಾಷಣಗಳು ಶುರುವಾಗಿದ್ದವು. ಶಾಲು ಹೊದಿಸಿದವರೆಲ್ಲ ಅವರನ್ನು ಮೃದು ಸ್ವಭಾವದವರು, ಎಲ್ಲರೊಡನೆ ಹೊಂದಿಕೊಂಡು ಹೋಗುವವರು, ಯಾರಿಗೂ ಎದುರಾಡದವರು ಎಂದು ಹೊಗಳಿದರು. ವೇದಿಕೆಯ ಮೇಲೆ ಅವರು ಹಾರವನ್ನು ತೊಡೆಯ ಮೇಲಿಟ್ಟುಕೊಂಡು, ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವ ಹಾಗೆ ಒಬ್ಬೊಬ್ಬರನ್ನೇ ನೋಡುತ್ತಿದ್ದರು.

ಅವರ ಆ ನೋಟ ನನಗೆ ಚೆನ್ನಾಗಿ ಗೊತ್ತು. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಮದ್ದೂರಿನ ಕಾಡಿಗೆ ಹತ್ತಿರದ ಒಂದು ಊರಿನ ಪ್ರೌಢಶಾಲೆಯಲ್ಲಿ ನಾವಿಬ್ಬರೂ ಜೊತೆಗೆ ಕೆಲಸ ಮಾಡಿದವರು. ನನ್ನದು ಕನ್ನಡ, ಅವರದು ಗಣಿತ. ಬಾಡಿಗೆ ಮನೆಗಳೂ ಒತ್ತಿಗೇ ಇದ್ದವು, ನಡುವೆ ಎದೆಮಟ್ಟದ ಗೋಡೆ. ಅವರ ಹೆಸರು ಇಲ್ಲಿ ಬೇಡ. ಬರೆದರೆ 'ಯಾರನ್ನ ಕೇಳಿ ಬರೆದ್ರಿ ಸಾರ್' ಎಂದು ಖಂಡಿತ ಫೋನ್ ಮಾಡುತ್ತಾರೆ.

ಉಮ್ಮತ್ತೂರಿನವರು. ನಮ್ಮ ಶಾಲೆಗೆ ವರ್ಗವಾಗಿ ಬಂದ ದಿನ ಅವರ ಜೊತೆ ಇದ್ದದ್ದು ಒಂದು ಟ್ರಂಕು, ಒಂದು ಗ್ಯಾಸ್ ಸಿಲಿಂಡರು, ಬಿದಿರ ಬುಟ್ಟಿಯೊಳಗೆ ಒಂದು ಕಣ್ಣು ಮಂಜಾದ ಮುದಿ ಬೆಕ್ಕು. ಒಬ್ಬರೇ ಇದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ನಮ್ಮ ಹೆಡ್‌ಮೇಷ್ಟ್ರು ಒಮ್ಮೆ ಸಲಿಗೆಯಿಂದ ಕೇಳಿದ್ದಕ್ಕೆ, "ನೀವು ಯಾಕೆ ಆದ್ರಿ ಸಾರ್? ಅದನ್ನ ಮೊದಲು ಹೇಳಿ" ಎಂದಿದ್ದರು. ಹೆಡ್‌ಮೇಷ್ಟ್ರು ನಿಜವಾಗಿಯೂ ಯೋಚನೆಗೆ ಬಿದ್ದರು. ತರಗತಿಯಲ್ಲಿ ಯಾರಾದರೂ "ಹತ್ತತ್ರ ಸರಿ ಅದ ಮೇಡಂ" ಅಂದರೆ ಅವರ ಉತ್ತರ ಒಂದೇ: "ಸರಿ ಒಂದೂರು, ತಪ್ಪು ಒಂದೂರು. ಮಧ್ಯದಲ್ಲಿ ಬಸ್ ಸ್ಟಾಪ್ ಇಲ್ಲ, ಕೂತ್ಕೋ." ಸೀಮೆಸುಣ್ಣವನ್ನು ಬಡಗಿಯ ಪೆನ್ಸಿಲಿನಂತೆ ಕಿವಿಯ ಸಂದಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅದು ಅಲ್ಲೇ ಇರುವುದು ಮರೆತು ಪೇಟೆಗೂ ಹೋಗಿಬರುತ್ತಿದ್ದರು.

ಮಕ್ಕಳನ್ನು ಊಟಿಗೆ ಪ್ರವಾಸ ಕರೆದುಕೊಂಡು ಹೋದಾಗ ಅಲ್ಲಿನ ಒಂದು ನರ್ಸರಿಯಿಂದ ಅವರು ಆ ಗಿಡ ತಂದರು. ಬೂದು ಹಸಿರಿನ ಪುಟ್ಟ ಎಲೆ, ನೇರಳೆ ಹೂ. ಮುರಿದರೆ ಪುದೀನದ ಹಾಗೆ, ಆದರೆ ಅದಕ್ಕಿಂತ ಖಾರವಾದ ವಾಸನೆ. ನರ್ಸರಿಯವನು ಕ್ಯಾಟ್‌ಮಿಂಟ್ ಅಂದಿದ್ದ, ಬೆಕ್ಕಿಗೆ ಪ್ರಾಣ ಅಂದಿದ್ದ. ಅವರ ಬೆಕ್ಕು ಆಗ ಅನ್ನ ಬಿಟ್ಟು ಮೂಲೆ ಹಿಡಿದಿತ್ತು. ಗಿಡವನ್ನು ಎದುರಿಗಿಟ್ಟಾಗ ಮೂಸಿತು, ಕೆನ್ನೆ ಉಜ್ಜಿತು, ಆಮೇಲೆ ಮರಿಯಂತೆ ಅಂಗಾತ ಬಿದ್ದು ಹೊರಳಾಡಿತು. ಸಂಜೆ ಹಾಲನ್ನ ತಿಂದಿತು. ಆದರೆ ವಾಸನೆ ಹಿಡಿದು ಬೀದಿಯ ಬೆಕ್ಕುಗಳೆಲ್ಲ ಬಂದು ಹೊರಳಿ, ವಾರ ಕಳೆಯುವುದರಲ್ಲಿ ಗಿಡ ಚಾಪೆಯಾಯಿತು. ಉಳಿದದ್ದು ಒಂದೇ ಕೊಂಬೆ.

ಆ ಕೊಂಬೆಯಿಂದ ಅವರು ತೋಟವನ್ನೇ ಮಾಡಿಬಿಟ್ಟರು. ಹೂ ಬಿಡದ ಎಳೆ ಕುಡಿಯನ್ನು ಆರಿಸಿ, ಹೊಸ ಬ್ಲೇಡಿನಿಂದ ಗಿಣ್ಣಿನ ಕೆಳಗೆ ಸರಿಯಾಗಿ ಕತ್ತರಿಸುವುದು. ಕೆಳಗಿನ ಎಲೆಗಳನ್ನು ಕಿತ್ತು, ಮರಳಿಗೆ ತೆಂಗಿನ ನಾರಿನ ಪುಡಿ ಬೆರೆಸಿ ನೆಡುವುದು. ಮೇಲೆ ನೀರಿನ ಬಾಟಲಿಯನ್ನು ಅರ್ಧಕ್ಕೆ ಕೊಯ್ದು ಟೋಪಿಯಂತೆ ಮುಚ್ಚುವುದು. ಬೆಕ್ಕುಗಳಿಗೆ ಸಿಗದಿರಲೆಂದು ಹಿತ್ತಲಿನ ಸೌದೆ ಮನೆಯಲ್ಲಿ, ಕಿಟಕಿಯ ಬೆಳಕು ಬೀಳುವ ಮೂಲೆಯಲ್ಲಿ ಈ ಟ್ರೇಗಳನ್ನು ಜೋಡಿಸಿದ್ದರು. ಬೇರು ಬಿಟ್ಟವನ್ನು ಕುಂಡಕ್ಕೆ ಹಾಕಿ ಬೀದಿಯ ಹೆಚ್ಚಿನ ಮನೆಗಳಿಗೆ ಕೊಟ್ಟರು. ಎಲೆ ಅರೆದು ಕೈಕಾಲಿಗೆ ಸವರಿಕೊಂಡರೆ ಸೊಳ್ಳೆ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಜನರೇ ಬಂದು ಕೇಳತೊಡಗಿದರು. 'ಬೆಕ್ಕಿನ ಸೊಪ್ಪು' ಎಂದು ಹೆಸರೂ ಬಿತ್ತು.

ಕೊಟ್ಟು ಸುಮ್ಮನಿರುವವರಲ್ಲ ಅವರು, ತನಿಖೆಗೂ ಬರುತ್ತಿದ್ದರು. ನನ್ನ ಹೆಂಡತಿಗೆ ಕೊಟ್ಟ ತುಂಡು ಬಾಡಿದಾಗ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿ, "ಎಳೆದು ನೋಡಿದ್ರಾ?" ಎಂದರು.

"ಇಲ್ಲ ಮೇಡಂ."

"ಮತ್ತೆ ಮಣ್ಣು ಯಾಕೆ ಸಡಿಲ ಇದೆ?"

"ಬೇರು ಬಂತಾ ಅಂತ ಒಂದ್ಸಲ..."

"ಕೂಸು ಬೆಳೀತಿದ್ಯಾ ಅಂತ ಹೊಟ್ಟೆ ಕುಯ್ದು ನೋಡ್ತಾರಾ?"

ನನ್ನ ಹೆಂಡತಿ ಆ ದಿನವೆಲ್ಲ ಅವರನ್ನು ಬೈದುಕೊಂಡಳು. ಮರುದಿನ ಅವರೇ ಗೋಡೆಯ ಮೇಲೆ ಬೇರು ಬಿಟ್ಟ ಇನ್ನೊಂದು ಕುಂಡ ಇಟ್ಟು ಹೋದರು.

ಚಿರತೆ ಬಂದದ್ದು ಅದಾದ ಮೇಲಿನ ಚಳಿಗಾಲದಲ್ಲಿ. ಕಾಡಿನ ಅಂಚಿನ ಊರಿಗೆ ಚಿರತೆ ಹೊಸದಲ್ಲ. ಆದರೆ ಅದು ಕೆರೆ ಏರಿ ದಾಟಿ ಊರೊಳಗೆ ಬರುತ್ತಿರಲಿಲ್ಲ. ಈ ಸಲ ಬೀದಿಯೊಳಗಿನಿಂದಲೇ ಒಂದು ನಾಯಿ ಹೋಯಿತು, ಆಮೇಲೆ ಇನ್ನೊಂದು. ಅರಣ್ಯ ಇಲಾಖೆಯವರು ಏರಿಯ ಹತ್ತಿರ ಬೋನು ಇಟ್ಟರು. ಅದು ಬೋನಿನ ಪಕ್ಕದಲ್ಲೇ ಹೆಜ್ಜೆ ಮೂಡಿಸಿ ಹೋಯಿತೇ ಹೊರತು ಒಳಗೆ ಕಾಲಿಡಲಿಲ್ಲ. ಕತ್ತಲಾಗುವ ಮುಂಚೆಯೇ ಬಾಗಿಲುಗಳು ಮುಚ್ಚತೊಡಗಿದವು. ದೂರದ ಹಟ್ಟಿಗಳಿಂದ ಬರುವ ಮಕ್ಕಳು ಶಾಲೆ ಬಿಟ್ಟರು.

ಕೊನೆಗೆ ಸಿದ್ದಮ್ಮನ ಮೇಕೆ ಹೋಯಿತು. ಸಿದ್ದಮ್ಮ ಚೆಂಡುಹೂವಿನ ಹೊಲಗಳಿಗೆ ಕೂಲಿಗೆ ಹೋಗುವ ಹೆಂಗಸು, ಎದುರು ಸಾಲಿನ ಕೊನೆಯ ಮನೆ. ಮಗ ಮಾದೇವ ನಮ್ಮ ಶಾಲೆಯಲ್ಲೇ ಓದಿ, ಈಗ ತರಕಾರಿ ಲಾರಿಗೆ ಲೋಡ್ ಮಾಡುವವನು. ಗಬ್ಬದ ಮೇಕೆಯನ್ನು ಮನೆಯ ಹಿಂದೆ ಕಟ್ಟಿದ್ದರು. ಬೆಳಿಗ್ಗೆ ನೋಡಿದರೆ ಹಗ್ಗದ ತುಂಡು ಮಾತ್ರ ಇತ್ತು. ರಕ್ತ ಚೆಲ್ಲಿದ್ದದ್ದು ಬೆಕ್ಕಿನ ಸೊಪ್ಪಿನ ಕುಂಡದ ಪಕ್ಕದಲ್ಲಿ.

ಆ ದಿನವೇ ಊರಿನ ಮೊಬೈಲುಗಳಲ್ಲಿ ಒಂದು ವಿಡಿಯೊ ಓಡಾಡಿತು. ಯಾವುದೋ ದೇಶದ ಮೃಗಾಲಯದಲ್ಲಿ ಒಂದು ಚಿರತೆ ಅಂಥದೇ ಸೊಪ್ಪಿನ ರಾಶಿಯ ಮೇಲೆ ಬೆಕ್ಕಿನ ಹಾಗೆ ಹೊರಳಾಡುತ್ತಿತ್ತು. ಸಂಜೆ ಅರ್ಧ ಬೀದಿ ಮೇಡಂ ಮನೆಯ ಗೇಟಿಗೆ ಬಂದು ನಿಂತಿತು. ನಾನು ಗೋಡೆಯ ಈಚೆ ನಿಂತಿದ್ದೆ. ಅವರು ಸೌದೆ ಮನೆಯಲ್ಲಿ ಟ್ರೇಗಳಿಗೆ ನೀರು ಚಿಮುಕಿಸುತ್ತಿದ್ದವರು ಕೈ ಒರೆಸಿಕೊಳ್ಳುತ್ತ ಮುಂದಕ್ಕೆ ಬಂದರು.

"ಯಾನ ಸೊಪ್ಪು ಕೊಟ್ಬುಟ್ಟೆ ಮೇಡಮ್ಮ ನೀನು?" ಸಿದ್ದಮ್ಮ ಕೇಳಿದಳು. ಅಲ್ಲಿಯವರೆಗೆ ಅವಳು ಬಹುವಚನ ಬಿಟ್ಟು ಮಾತಾಡಿದವಳಲ್ಲ. "ಸೊಳ್ಳೆ ಓಡ್ಸಕ್ಕೆ ಅಂತ ಕೊಟ್ಟು ಚಿರ್ತ ಕರ್ದ್ಯಲ್ಲ! ನಾಳ ನಮ್ ಮನ ಕೂಸ್ನ ಎತ್ಕಂಡೋದ್ರ ಯಾರ್ನ ಕೇಳನ?"

"ಬೋನಿನ ಹತ್ರ ಗಿಡ ಇತ್ತಾ?" ಮೇಡಂ ಕೇಳಿದರು. "ಅಲ್ಲಿಗೂ ಬಂದಿತ್ತಲ್ಲ. ಮೊದಲನೇ ನಾಯಿ ಹೋದ ಮನೇಲಿ ಗಿಡ ಇತ್ತಾ? ಇರ್ಲಿಲ್ಲ. ವಿಡಿಯೊ ನೋಡ್ಕೊಂಡು ಬಂದ್ಬಿಟ್ರಾ?"

"ಲೆಕ್ಕ ಬ್ಯಾಡ ಮೇಡಂ. ಕಿತ್ತಾಕಿ ಅಷ್ಟೆ" ಎಂದ ಮಾದೇವ.

"ಯಾಕೆ ಕೀಳ್ಲಿ? ಚಿರತೆ ಈ ಗಿಡದ ಒಂದು ಎಲೆ ಮುಟ್ಟಿದೆ ಅಂತ ತೋರ್ಸಿ, ಊರಲ್ಲಿರೋದನ್ನೆಲ್ಲ ನಾನೇ ಕಿತ್ತಾಕ್ತೀನಿ. ಅಲ್ಲಿವರ್ಗೂ ನನ್ನ ಗೇಟಿಗೆ ಬರ್ಬೇಡಿ."

ಗೇಟು ಹಾಕಿಕೊಂಡು ನೇರ ಮನೆಯೊಳಗೆ ಹೋದರು. ಸೌದೆ ಮನೆಯ ಬಾಗಿಲು ತೆರೆದೇ ಇತ್ತು. ಅದು ಅವರಿಗೂ ನೆನಪಾಗಲಿಲ್ಲ, ನನಗೂ ಹೊಳೆಯಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಗೋಡೆಯ ಆಚೆಯಿಂದ ಧಡ್ ಎಂದು ಬಾಗಿಲು ಬಡಿದ ಸದ್ದು ಕೇಳಿತು. ಹಿಂದೆಯೇ ಮರ ಸೀಳುವಂಥ ಗರ್ಜನೆ. ಆಮೇಲೆ ಅವರ ಕೂಗು. "ಸಾರ್! ಬೇಗ ಬನ್ನಿ ಸಾರ್! ಬರಿಗೈಲಾದ್ರೂ ಬನ್ನಿ!"

ಗೋಡೆ ಹಾರಿದೆ. ಅವರು ಸೌದೆ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ಎರಡು ಕಾಲನ್ನೂ ನೆಲಕ್ಕೆ ಊರಿ ನಿಂತಿದ್ದರು. ಕೈಯಲ್ಲಿ ನೀರಿನ ಚೊಂಬು ಹಾಗೇ ಇತ್ತು. ಒಳಗಿನಿಂದ ಏಟು ಬಿದ್ದಾಗಲೆಲ್ಲ ಬಾಗಿಲಿನ ಜೊತೆ ಅವರ ಭುಜವೂ ಅಲುಗುತ್ತಿತ್ತು. ಚಿಲಕ ಸಣ್ಣದು, ಮೊಳೆ ಆಗಲೇ ಕಿತ್ತು ಬರುತ್ತಿತ್ತು. ಹಿತ್ತಲಲ್ಲಿ ಮಳೆಗೆ ಗಟ್ಟಿಯಾಗಿ ಕಲ್ಲಾಗಿದ್ದ ಸಿಮೆಂಟಿನ ಮೂಟೆಗಳಿದ್ದವು. ನಾನೂ ನನ್ನ ಹೆಂಡತಿಯೂ ಅವನ್ನು ಉರುಳಿಸಿಕೊಂಡು ಬಂದು ಒಂದರ ಮೇಲೊಂದು ಬಾಗಿಲಿಗೆ ಒತ್ತಿದೆವು. ಕಿಟಕಿಗೆ ಕಬ್ಬಿಣದ ಸರಳಿತ್ತು. ಒಳಗೆ ಹೊರಗೆ ಒಂದು ಕ್ಷಣ ಸದ್ದು ನಿಂತಿತು. ಆಗ ಮೇಡಂ ಬಾಗಿಲು ಬಿಟ್ಟು ಸರಿದರು.

"ಗೋಣಿಚೀಲ ಅಂದ್ಕೊಂಡೆ ಸಾರ್. ಟ್ರೇ ಹತ್ರ ಮಲಗಿತ್ತು. ತಲೆ ಎತ್ತಿ ನೋಡ್ತು. ಏನೂ ಮಾಡ್ಲಿಲ್ಲ, ನೋಡ್ತು ಅಷ್ಟೆ. ನಾನು ಹಿಂದೆ ಬಂದು ಚಿಲಕ ಹಾಕ್ದೆ."

ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಸಿಬ್ಬಂದಿ ಬೇಗ ಬರುತ್ತಾರೆ, ಆದರೆ ಮತ್ತಿನ ಚುಚ್ಚುಮದ್ದು ಹಾಕುವ ವೈದ್ಯರು ದೂರದಿಂದ ಬರಬೇಕು, ಜನರನ್ನು ಹತ್ತಿರ ಬಿಡಬೇಡಿ ಎಂದರು. ಹೇಳುವುದು ಸುಲಭ. ಬಿಸಿಲು ಹೆಂಚಿನ ಮೇಲೆ ಬೀಳುವಷ್ಟರಲ್ಲಿ ಊರಿಗೆ ಊರೇ ಹಿತ್ತಲಿಗೆ ಬಂದಿತ್ತು. ದೊಣ್ಣೆ, ಮಚ್ಚು, ಒಬ್ಬನ ಕೈಯಲ್ಲಿ ಪೆಟ್ರೋಲು ತುಂಬಿದ ಬಾಟಲಿ. ಮೊದಲು ಬಂದ ಇಬ್ಬರು ಗಾರ್ಡುಗಳು ಗೇಟಿನಲ್ಲೇ ಜನರ ನಡುವೆ ಸಿಕ್ಕಿಬಿದ್ದರು.

ಮೇಡಂ ಮತ್ತೆ ಬಾಗಿಲಿಗೆ ಹೋಗಿ ನಿಂತರು. ಈ ಸಲ ಮುಖ ಜನರ ಕಡೆ.

"ಸರ್ಕೊಳ್ಳಿ ಮೇಡಂ. ಒಳ್ಗೇ ಸುಟ್ಬುಡ್ತೀವಿ, ಮುಗೀತದ" ಎಂದ ಪೆಟ್ರೋಲಿನವನು.

"ಬಾ, ಸುಡು. ನಾನು ಇಲ್ಲೇ ಇರ್ತೀನಿ."

"ಅದ್ಕ ಇಷ್ಟು ವಕಾಲತ್ತಾ? ನಿಮ್ ಮನ ಬೆಕ್ಕಾ ಅದು?"

ಯಾರೋ ನಕ್ಕರು. ಮೇಡಂ ನಗಲಿಲ್ಲ. ಎದುರಿಗಿದ್ದವರಲ್ಲಿ ಹೆಚ್ಚಿನ ಗಂಡುಹುಡುಗರು ಅವರ ಕೈಯಲ್ಲಿ ಕಲಿತವರೇ. ಅವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯತೊಡಗಿದರು. ರವಿ, ಆ ಮಚ್ಚು ಕೆಳಗಿಡು. ನಾಗರಾಜ, ಬಾಟಲಿ ಸಾರ್ ಕೈಗೆ ಕೊಡು. ಹಾಜರಿ ಕರೆದ ಹಾಗಿತ್ತು. ಒಂದಿಬ್ಬರು ತಲೆ ತಗ್ಗಿಸಿ ಹಿಂದೆ ಸರಿದರು. ಬಾಟಲಿ ನನ್ನ ಕೈಗೆ ಬಂತು. ಪರವಾಗಿಲ್ಲ ಎಂದು ನಾನು ಉಸಿರು ಬಿಡುವಾಗ ಮೇಲಿನಿಂದ ಹೆಂಚು ಕಿರುಗುಟ್ಟಿತು.

ಮಾದೇವ ಹಿಂದಿನ ಗೋಡೆ ಹತ್ತಿ ಸೌದೆ ಮನೆಯ ಮಾಡಿನ ಮೇಲೆ ಹೋಗಿದ್ದ. ಕೈಯಲ್ಲಿ ಉದ್ದನೆಯ ಭರ್ಜಿಯಂಥ ಕೋಲು. ಬಗ್ಗಿ ಒಂದು ಹೆಂಚು ಕೀಳುತ್ತಿದ್ದ.

"ಮಾದೇವ, ಇಳಿ."

"ಇಳಿಯಲ್ಲ ಮೇಡಂ. ನಮ್ಮ ಮೇಕ ತಿಂದದ ಅದು."

"ಹೆಂಚು ತೆಗೆದ್ರೆ ಅದಕ್ಕೂ ದಾರಿ ಆಗ್ತದೆ ಕಣೋ. ನಿನ್ನ ಕಾಲ ಹತ್ರವೇ ಆಗ್ತದೆ. ಇಳಿಯೋ!"

ಹೆಂಚು ಅವನ ಕೈ ಜಾರಿ ಒಳಕ್ಕೆ ಬಿತ್ತು. ಕೆಳಗಿನಿಂದ ಏನೋ ಚಿಮ್ಮಿದ ಸದ್ದು. ಆ ಕಂಡಿಯಿಂದ ಒಂದು ಪಂಜ ಹೊರಗೆ ಬಂದು ಗಾಳಿಯನ್ನು ಪರಚಿತು. ಮಾದೇವ ಕಾಲು ಸೆಳೆದುಕೊಂಡ ರಭಸಕ್ಕೆ ಇನ್ನೆರಡು ಹೆಂಚು ಕುಸಿದವು. ಅವನು ಮಾಡಿನ ಅಂಚಿಗೆ ಜಾರಿ, ಹೆಂಚು ಕೂರಿಸುವ ಮರದ ರೀಪನ್ನು ಹಿಡಿದು ನೇತಾಡಿದ. ಅವನ ಕೈಗಳು ಇದ್ದದ್ದು ಕಂಡಿಯ ಪಕ್ಕದಲ್ಲೇ. "ನನ್ ಮಗ!" ಎಂದು ಸಿದ್ದಮ್ಮ ಕಿರುಚಿದಳು. ಅಷ್ಟು ಹೊತ್ತು ಬಾಗಿಲು ಬಿಡದಿದ್ದ ಮೇಡಂ ಓಡಿಹೋಗಿ ಅವನ ಎರಡು ಕಾಲನ್ನೂ ತಬ್ಬಿ ಹಿಡಿದರು. "ಕೈ ಬಿಡು! ನನ್ನ ಮೇಲೆ ಬೀಳು!" ಅವನು ಬಿಟ್ಟ. ಇಬ್ಬರೂ ನೆಲಕ್ಕೆ ಬಿದ್ದರು. ಮರುಕ್ಷಣ ಪಂಜ ಅವನ ಕೈಯಿದ್ದ ಜಾಗದ ರೀಪನ್ನು ಸಿಗಿದು ಹಾಕಿತು.

ಅವನ ಮೀನಖಂಡದಲ್ಲಿ ಒಂದು ಗೀರು ಬಿಟ್ಟರೆ ಬೇರೆ ಗಾಯವಿರಲಿಲ್ಲ. ಮೇಡಂ ಅವರ ಮೊಣಕೈ ಸುಲಿದು ರಕ್ತ ಇಳಿಯುತ್ತಿತ್ತು. ಎದ್ದವರೇ ಅವನ ಕೆನ್ನೆಗೆ ಒಂದು ಬಿಟ್ಟರು. ಜನ ತಾವಾಗಿಯೇ ಗೋಡೆಯವರೆಗೆ ಹಿಂದೆ ಹೋದರು. ಗಾರ್ಡುಗಳು ಓಡಿಬಂದು ಕಂಡಿಯ ಮೇಲೆ ಬಲೆ ಹೊದಿಸಿ ಹಗ್ಗ ಬಿಗಿದರು. ಮಧ್ಯಾಹ್ನ ವೈದ್ಯರು ಬಂದರು. ಕಿಟಕಿಯಿಂದ ಮದ್ದು ಹಾರಿಸಿ, ಅದು ಒರಗಿದ ಮೇಲೆ ಬಲೆಯಲ್ಲಿ ಸುತ್ತಿ ಹೊತ್ತುಕೊಂಡು ಹೋದರು. ನಾವಂದುಕೊಂಡಿದ್ದಕ್ಕಿಂತ ಸಣ್ಣದಾಗಿತ್ತು. ನಾಲಿಗೆ ಹೊರಗೆ ಜೋತಿತ್ತು. ಜನರೆಲ್ಲ ಜೀಪಿನ ಹಿಂದೆ, ಫೋಟೊ ಹಿಡಿಯಲು ಬೀದಿಗೆ ಓಡಿದರು.

ಹಿತ್ತಲಲ್ಲಿ ಉಳಿದವರು ನಾವಿಬ್ಬರೇ. ಮೇಡಂ ಸೌದೆ ಮನೆಯೊಳಗೆ ಹೋದರು, ಹಿಂದೆ ನಾನು. ಬಾಗಿಲ ಕಡೆ ಸೌದೆಯೆಲ್ಲ ಚೆಲ್ಲಾಪಿಲ್ಲಿಯಾಗಿ, ಹೆಂಚಿನ ಚೂರು ತುಂಬಿತ್ತು. ಕಿಟಕಿಯ ಮೂಲೆ ಮಾತ್ರ ಬೇರೆ ಥರ ಇತ್ತು. ಅಲ್ಲಿ ಒಡೆದದ್ದು ಏನೂ ಇರಲಿಲ್ಲ. ಬಾಟಲಿ ಟೋಪಿಗಳು ಪಕ್ಕಕ್ಕೆ ಉರುಳಿದ್ದವು. ಟ್ರೇಗಳ ಮೇಲೆ ಏನೋ ಭಾರವಾದದ್ದು ಬಹಳ ಹೊತ್ತು ಹೊರಳಾಡಿದ ಹಾಗೆ ಗಿಡಗಳೆಲ್ಲ ಒಂದೇ ಸಮ ಮಲಗಿದ್ದವು. ಕುಡಿಗಳನ್ನು ಅಗಿದು ಉಗಿದಿತ್ತು. ಮರಳಿಗೆ ಹಳದಿ ಕೂದಲು ಅಂಟಿತ್ತು. ಆ ವಾಸನೆ ಕಣ್ಣಿಗೆ ಹೊಡೆಯುವಷ್ಟು ದಟ್ಟವಾಗಿತ್ತು.

ಅವರು ಕುಕ್ಕರುಗಾಲಲ್ಲಿ ಕೂತು ಒಂದು ಕೂದಲನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಗಾಬರೀಲಿ ತುಳಿದಿರ್ಬೋದು ಮೇಡಂ" ಎಂದೆ.

"ತುಳಿದಿದ್ದಲ್ಲ ಸಾರ್ ಇದು. ನನ್ನ ಬೆಕ್ಕು ಮಾಡೋದನ್ನ ದಿನಾ ನೋಡಿದೀನಿ."

"ನೀವು ಇವತ್ತು ಅವರ ಹುಡುಗನ್ನ ಉಳಿಸಿದೀರಿ. ಯಾರೂ ಇದನ್ನ ನೋಡಿಲ್ಲ. ಗುಡಿಸಿ ಹಾಕಿದ್ರೆ ಮುಗೀತು."

ಅವರು ನನ್ನನ್ನು ನೋಡಿದರು. ಅದೇ ತಪ್ಪು ಲೆಕ್ಕದ ನೋಟ. ಎರಡು ಟ್ರೇಗಳನ್ನು ಇದ್ದ ಹಾಗೇ ಎತ್ತಿಕೊಂಡು ಅವರು ಗೇಟಿಗೆ ನಡೆದರು.

ಜೀಪು ಹೋಗಿತ್ತು. ಜನ ಇನ್ನೂ ಬೀದಿಯಲ್ಲಿದ್ದರು. ಚಿರತೆ ಹೋಗುವವರೆಗೂ ಕದಲದಿದ್ದ ಮಾದೇವನ ಕಾಲಿಗೆ ಬಟ್ಟೆ ಸುತ್ತಿ ಈಗ ಆಸ್ಪತ್ರೆಗೆ ಹೊರಡಿಸುತ್ತಿದ್ದರು. ಮೇಡಂ ಟ್ರೇಗಳನ್ನು ರಸ್ತೆಯ ಮೇಲೆ ಇಟ್ಟರು.

"ನೋಡಿ. ಇದರ ಮೇಲೆ ಚಿರತೆ ಹೊರಳಾಡಿದೆ. ಎಲೆ ಅಗಿದಿದೆ. ಗಿಡ ಹುಡ್ಕೊಂಡೇ ಬಂತೋ, ಬಂದ ಮೇಲೆ ಗಿಡ ಸಿಕ್ತೋ, ನಂಗೆ ಗೊತ್ತಿಲ್ಲ. ಆದ್ರೆ ಮುಟ್ಟಲ್ಲ ಅಂತ ನಾನು ಅಂದಿದ್ದು ತಪ್ಪು. ಎಲ್ಲಾ ಮನೇದೂ ನಾನೇ ಬಂದು ಕಿತ್ತು ಹಾಕ್ತೀನಿ."

ಸಿದ್ದಮ್ಮ ಮಗನ ಹೆಗಲಿನಿಂದ ಕೈ ತೆಗೆದು ಮುಂದೆ ಬಂದಳು.

"ಅಂಗಾದ್ರ ನನ್ನ ಮೇಕ?"

"ನಾನು ಕೊಟ್ಟ ಗಿಡದಿಂದ ಹೋಗಿರ್ಬೋದು. ಇಲ್ಲ ಅಂತ ಹೇಳಕ್ಕೆ ನಂಗೆ ಈಗ ಆಗಲ್ಲ."

ಸಿದ್ದಮ್ಮ ಮಗನನ್ನು ಆಟೊ ಹತ್ತಿಸಿ ತಾನೂ ಹತ್ತಿ ಹೋದಳು. ಉಳಿದವರೂ ಒಬ್ಬೊಬ್ಬರೇ ಚದುರಿದರು.

ಮೊಣಕೈಗೆ ಅರಿಸಿನ ಮೆತ್ತಿಕೊಂಡು, ಸೆರಗು ಸಿಕ್ಕಿಸಿ, ಅವರು ಮನೆಮನೆಗೂ ಹೋದರು. ಕೆಲವರು ಬಾಗಿಲು ತೆರೆದು ಮುಖ ತಿರುಗಿಸಿ ನಿಂತರು. ಒಬ್ಬಳು ಮುದುಕಿ ಮಾತ್ರ, ಸೊಳ್ಳೆ ಮತ್ತೆ ಬರುತ್ತವೆಂದು ಗೊಣಗಿದಳು. ಅವರು ಪ್ರತಿ ಗಿಡವನ್ನೂ ಬುಡ ಹಿಡಿದು, ಬೇರು ತುಂಡಾಗದ ಹಾಗೆ ಮೆಲ್ಲಗೆ ಮೇಲೆತ್ತುತ್ತಿದ್ದರು. ಕೀಳುವಾಗಲೂ ನೆಡುವಾಗಿನ ಕೈಯೇ ಅದು. ನಮ್ಮ ಮನೆಯ ಕುಂಡಕ್ಕೆ ಬಂದಾಗ ನನ್ನ ಹೆಂಡತಿ, "ಬಿಡಿ ಮೇಡಂ, ನಾನು ಕೀಳ್ತೀನಿ" ಎಂದಳು. ಅವರು ಕೊಡಲಿಲ್ಲ. ಸಿದ್ದಮ್ಮನ ಮನೆಗೆ ಬೀಗ ಇತ್ತು. ಅಲ್ಲಿ ಗೋಡೆಯ ಹಿಂದೆ ಹೋಗಿ, ಒಣಗಿದ ರಕ್ತದ ಪಕ್ಕದಲ್ಲಿ ಕೂತು ಆ ಕುಂಡದ್ದನ್ನೂ ಕಿತ್ತರು. ಎಲ್ಲವನ್ನೂ ಶಾಲೆಯ ಹಿಂದಿನ ಗುಂಡಿಗೆ ಹಾಕಿ ಸುಣ್ಣ ಚೆಲ್ಲಿ ಮಣ್ಣು ಮುಚ್ಚಿದೆವು.

ಹೊತ್ತು ಮುಳುಗುವಾಗ ಅವರು ಜಗಲಿಯ ಮೇಲೆ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಮ್ಮ ಮನೆಯಲ್ಲಿ ಮಲಗಲು ಬನ್ನಿ ಎಂದು ನನ್ನ ಹೆಂಡತಿ ಗೋಡೆಯ ಮೇಲಿನಿಂದ ಕರೆದಳು. ಬೇಡ ಎಂದರು. ಕೈ ಬೆಕ್ಕಿನ ಬೆನ್ನ ಮೇಲೆ ಆಡುತ್ತಿತ್ತು. ಆದರೆ ಬೀದಿಯಲ್ಲಿ ಎಲೆ ಅಲುಗಿದರೂ ತಲೆ ಆ ಕಡೆ ತಿರುಗುತ್ತಿತ್ತು. ಬೆಳಗಿನಿಂದ ಅವರು ಹೆದರಿದ್ದನ್ನು ನಾನು ಕಂಡದ್ದು ಆಗಲೇ.

ಗೇಟು ಸದ್ದಾಯಿತು. ಸಿದ್ದಮ್ಮ. ಬಗಲಲ್ಲಿ ಸುತ್ತಿದ ಚಾಪೆ, ಕೈಯಲ್ಲಿ ಮುಚ್ಚಿದ ಪಾತ್ರೆ. ಮೇಡಂ ಎದ್ದು ನಿಂತರು.

"ಮಾದೇವನ ಕಾಲು?"

"ಸೂಜಿ ಹಾಕವ್ರ. ಮನಗವ್ನ." ಸಿದ್ದಮ್ಮ ಜಗಲಿ ಹತ್ತಿ ಪಾತ್ರೆ ಕೆಳಗಿಟ್ಟಳು. ಹುರುಳಿಕಾಳಿನ ಸಾರು, ಮುದ್ದೆ. ಚಾಪೆಯನ್ನು ಒಳಗೆ, ಬಾಗಿಲಿನ ಪಕ್ಕದಲ್ಲಿ ಬಿಚ್ಚಿ ಕೊಡವಿ ಹಾಸಿದಳು. ಮೇಡಂ ಬೆಕ್ಕನ್ನು ಹಿಡಿದುಕೊಂಡು ನೋಡುತ್ತ ನಿಂತಿದ್ದರು.

"ಮೇಕ ಇಸ್ಯ ಮರ್ತಿಲ್ಲ ಕಣಮ್ಮಿ ನಾನು. ಅದು ಬ್ಯಾರ" ಎಂದಳು ಸಿದ್ದಮ್ಮ, ತಿರುಗಿ ನೋಡದೆ. "ಕೈ ತೊಳ್ಕಂಡು ಬಾ. ಮುದ್ದ ತಣ್ಣಗಾಯ್ತದ."